ಶಾಲೆಯಲ್ಲಿ ಮೌಲ್ಯಗಳು: ಪ್ರಶಿಕ್ಷಣಾರ್ಥಿಯ ಮುಂದಿರುವ ಪ್ರಶ್ನೆಗಳು



ನಿಮ್ಮ ಶಾಲೆಗೆ ಕೆಲವು ವಾರಗಳ ಮಟ್ಟಿಗೆ ಹೊಸ ಶಿಕ್ಷಕ-ಶಿಕ್ಷಕಿಯರು ಬಂದು ಪಾಠ ಮಾಡುವುದನ್ನು ನೀವು ನೋಡಿರಬಹುದು. ಅವರು ಡಿ.ಎಲ್.ಎಡ್. ಅಥವಾ ಬಿ.ಎಡ್. ಪ್ರಶಿಕ್ಷಣಾರ್ಥಿಗಳು. ಕೈಯಲ್ಲಿ ಚಾರ್ಟು, ಬಗಲಲ್ಲಿ ಪಾಠ ಯೋಜನೆಯ ಪುಸ್ತಕ. ಪಾಠದಿಂದ ಮಕ್ಕಳಲ್ಲಿ ಬೆಳೆಯಬೇಕಾದ ಮೌಲ್ಯ ಯಾವುದು ಎಂಬುದನ್ನೂ ಅವರು ಯೋಚಿಸಬೇಕು. ‘ಸಹಕಾರ’, ‘ಪ್ರಾಮಾಣಿಕತೆ’ ಎಂದು ಬರೆದು ಮುಗಿಸುವುದು ಸುಲಭ. ಆದರೆ ಅವು ತರಗತಿಯಲ್ಲಿ ಕಾಣಿಸಿಕೊಳ್ಳುವುದು ಹೇಗೆ? ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಮೂಲ ಮೌಲ್ಯ ಎಂದರೇನು?

ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ವಿಜ್ಞಾನದ ಜೊತೆಗೆ ಸಾಮಾಜಿಕ, ನೈತಿಕ ಮೌಲ್ಯಗಳ ಶಿಕ್ಷಣಕ್ಕೂ ಒತ್ತು ನೀಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶದ ಎಲ್ಲ ಶಾಲೆಗಳಿಗೂ ಸಮಾನವಾದ ಹತ್ತು ಮೂಲಾಂಶಗಳನ್ನು ಪಟ್ಟಿ ಮಾಡಿತು. ಸ್ವಾತಂತ್ರ್ಯ ಚಳವಳಿಯ ಇತಿಹಾಸ, ಸಂವಿಧಾನಬದ್ಧ ಕರ್ತವ್ಯಗಳು, ಸ್ತ್ರೀ-ಪುರುಷ ಸಮಾನತೆ, ಪರಿಸರ ರಕ್ಷಣೆ, ಸಾಮಾಜಿಕ ಅಡೆತಡೆಗಳ ನಿವಾರಣೆ, ವೈಜ್ಞಾನಿಕ ಮನೋಭಾವ ಇವೆಲ್ಲ ಅದರಲ್ಲಿವೆ. ಇವುಗಳಿಗೆ ಪ್ರತ್ಯೇಕ ವಿಷಯವಾಗಲಿ, ಪರೀಕ್ಷೆಯಾಗಲಿ ಬೇಕಿಲ್ಲ. ಎಲ್ಲ ವಿಷಯಗಳ ಒಳಗೇ ಇವು ಹರಿಯಬೇಕು ಎಂಬುದು ಆ ನೀತಿಯ ಆಶಯವಾಗಿತ್ತು.

ಬೀಡಿಯ ಲೆಕ್ಕ

ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಅಲ್ಲಿನ ತಂಬಾಕು ಕಾರ್ಖಾನೆಗಳ ಮಹಿಳೆಯರು ಸಂಘಟಿತರಾದುದನ್ನು ‘ಯುಗಾಂತರ್’ ಎಂಬ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ಬೀಡಿ ಕಟ್ಟುವವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಈಗ ಶೇಕಡಾವಾರು ಪಾಠವನ್ನೇ ತೆಗೆದುಕೊಳ್ಳಿ. ಒಬ್ಬ ತಾಯಿ ಸಾವಿರ ಬೀಡಿ ಕಟ್ಟಿದಳು. ಸರಿಯಿಲ್ಲವೆಂದು ಐವತ್ತನ್ನು ಬದಿಗಿಟ್ಟರು. ಶೇಕಡಾ ಎಷ್ಟು ಹೋಯಿತು? ಐದು. ಆ ಐವತ್ತಕ್ಕೆ ಕೂಲಿ ಸಿಗದಿದ್ದರೆ ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ? ಇಲ್ಲಿ ‘ಸ್ತ್ರೀ ಸಮಾನತೆ’ ಎಂಬ ಮಾತನ್ನು ಶಿಕ್ಷಕಿ ಒಮ್ಮೆಯೂ ಆಡಬೇಕಾಗಿಲ್ಲ. ತನ್ನ ಅವ್ವನ ದುಡಿಮೆಗೆ ಲೆಕ್ಕವಿದೆ, ಆ ಲೆಕ್ಕವನ್ನು ತಾನೂ ಕೇಳಬಹುದು ಎಂದು ಮಗು ತಿಳಿದರೆ ಸಾಕು.

ಸಾಮಾಜಿಕ ಅಡೆತಡೆಗಳ ಮಾತೂ ಹೀಗೆಯೇ. ರಾಯಬಾಗ ಭಾಗ ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಸರಕಾರಿ ಹುದ್ದೆಗಳಲ್ಲಿ ಶೇ. 50 ಮೀಸಲಿಟ್ಟರು; 1917ರಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಡಿಸಿದರು. ಅಥಣಿಯ ಕುಶಲಕರ್ಮಿಗಳೂ ತಯಾರಿಸುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚಪ್ಪಲಿಗೆ ಮರ್ಯಾದೆ ಬಂತು, ಸಂತೋಷ. ಅದನ್ನು ಹೊಲಿಯುವವರ ಮಗು ತರಗತಿಯಲ್ಲಿ ಎಲ್ಲಿ ಕುಳಿತಿದೆ, ಬಿಸಿಯೂಟದ ಸಾಲಿನಲ್ಲಿ ಅದರ ಪಕ್ಕ ಯಾರಿದ್ದಾರೆ, ಕಸಗುಡಿಸಲು ದಿನವೂ ಯಾರ ಹೆಸರು ಕರೆಯಲಾಗುತ್ತದೆ? ಪ್ರಶಿಕ್ಷಣಾರ್ಥಿ ಇದನ್ನು ಗಮನಿಸಬೇಕು. ಮಕ್ಕಳು ಮೌಲ್ಯವನ್ನು ಕಲಿಯುವುದು ಫಲಕದ ಮೇಲಿನ ಸುಭಾಷಿತಕ್ಕಿಂತ ಹೆಚ್ಚಾಗಿ ಇಂತಹ ಕಡೆಗಳಲ್ಲಿ.

ನದಿಯನ್ನು ಅಳೆಯುವುದು

ಕೃಷ್ಣೆ, ದೂಧಗಂಗೆ, ವೇದಗಂಗೆಯರ ನಾಡು ಇದು. 2005, 2019, 2021ರ ಪ್ರವಾಹಗಳನ್ನು ಇಲ್ಲಿಯವರು ಮರೆತಿಲ್ಲ. ಮಳೆಗಾಲದಲ್ಲಿ ‘ಮಹಾರಾಷ್ಟ್ರದಾಗ ನೀರು ಬಿಟ್ಟಾರಂತ’ ಎಂಬ ಸುದ್ದಿ ಕ್ಷಣದಲ್ಲಿ ಊರೆಲ್ಲ ಹಬ್ಬುತ್ತದೆ. ಎಷ್ಟು ನೀರು? ಯಾವಾಗ? ಅಳೆದವರು ಯಾರು? ಈ ಮೂರು ಪ್ರಶ್ನೆಗಳೇ ವೈಜ್ಞಾನಿಕ ಮನೋಭಾವ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಎಂದಾಗ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕಿ ಹರಿಯುತ್ತಿದೆ ಎಂದು ಲೆಕ್ಕ ಹಾಕಬಲ್ಲ ಹುಡುಗ ಗಾಳಿಸುದ್ದಿಗೆ ಹೆದರುವುದಿಲ್ಲ. ನಿಜವಾದ ಎಚ್ಚರಿಕೆಯನ್ನು ಅಲಕ್ಷಿಸುವುದೂ ಇಲ್ಲ. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ಪ್ರತಿ ನಾಗರಿಕನ ಕರ್ತವ್ಯವೆಂದೇ ಹೇಳಿದೆ. ಆ ವಿಧಿ ಸೇರ್ಪಡೆಯಾದದ್ದು 1976ರಲ್ಲಿ.

ಸಾಲಿ ಮತ್ತು ಶಾಳಾ

ಇಲ್ಲಿ ಕನ್ನಡ ಶಾಲೆಗಳಿವೆ, ಮರಾಠಿ ಶಾಲೆಗಳೂ ಇವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂಬ ಮಕ್ಕಳೂ ಇದ್ದಾರೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮಗು ‘ಶಾಳಾ’ ಎಂದರೆ ‘ತಪ್ಪು’ ಎಂದು ಗದರಿಸಬಹುದು. ಇಲ್ಲವೇ ‘ಶಾಳಾ’, ‘ಸಾಲಿ’, ‘ಶಾಲೆ’ ಮೂರನ್ನೂ ಫಲಕದ ಮೇಲೆ ಬರೆದು, ಮೂರೂ ಸಂಸ್ಕೃತದ ಒಂದೇ ಪದದಿಂದ ಬಂದವು ಎಂದು ತೋರಿಸಬಹುದು. ಎರಡನೆಯ ದಾರಿಯಲ್ಲಿ ಮಗು ಕನ್ನಡವನ್ನೂ ಕಲಿಯುತ್ತದೆ, ತನ್ನ ಮನೆಮಾತಿಗಾಗಿ ನಾಚುವುದೂ ಇಲ್ಲ.

ಮೌಲ್ಯಗಳೇ ಎದುರುಬದುರಾದಾಗ

ಎಲ್ಲ ಮೌಲ್ಯಗಳೂ ಸದಾ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ತಂದೆತಾಯಿಯೊಡನೆ ಹೋದ ಮಗು ವಾರಗಟ್ಟಲೆ ಬರಲಿಲ್ಲ ಎನ್ನಿ. ಹೆಸರು ಹೋಗಬಾರದೆಂಬ ಕರುಣೆಯಿಂದ ಶಿಕ್ಷಕ ಹಾಜರಿ ಹಾಕಿದರೆ? ಕಾಗದದ ಮೇಲೆ ಮಗು ಶಾಲೆಯಲ್ಲಿದೆ. ಆದ್ದರಿಂದ ಅದನ್ನು ಹುಡುಕಲು ಯಾರೂ ಹೋಗುವುದಿಲ್ಲ. ಇಲ್ಲಿ ಸತ್ಯವೇ ದೊಡ್ಡ ಕರುಣೆ. ಗೈರುಹಾಜರಿಯನ್ನು ಗೈರುಹಾಜರಿ ಎಂದೇ ಬರೆದು, ಮಗು ಮರಳಿದಾಗ ಹೊಡೆಯದೆ, ಹೀಯಾಳಿಸದೆ ತಪ್ಪಿದ ಪಾಠವನ್ನು ತುಂಬಿಕೊಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ.

ನಿಮ್ಮಲ್ಲಿ ಕೆಲವರು ಮುಂದೆ ಶಿಕ್ಷಕರಾಗುವಿರಿ. ಆಗ ಮಕ್ಕಳು ನಿಮ್ಮನ್ನು ‘ಗುರುಗಳೇ’, ‘ಅಕ್ಕೋರೇ’ ಎಂದು ಕರೆಯುತ್ತಾರೆ. ಪಾಠ ಯೋಜನೆಯಲ್ಲಿ ನೀವು ಏನು ಬರೆದಿದ್ದೀರಿ ಎಂಬುದು ಅವರಿಗೆ ಕಾಣುವುದಿಲ್ಲ. ನೀವು ಯಾರನ್ನು ಹೇಗೆ ಕರೆದಿರಿ ಎಂಬುದು ಮಾತ್ರ ನೆನಪಿರುತ್ತದೆ.

ಚರ್ಚೆಗೆ

1. ನಿಮ್ಮ ತರಗತಿಯಲ್ಲಿ ಸ್ವಚ್ಛತೆಯ ಕೆಲಸವನ್ನು ಹೇಗೆ ಹಂಚಲಾಗುತ್ತದೆ? ಒಂದು ವಾರ ದಾಖಲಿಸಿ.

2. ನಿಮ್ಮ ಊರಿನ ಯಾವುದಾದರೂ ಕಸುಬನ್ನು ಆಧರಿಸಿ ಒಂದು ಗಣಿತದ ಸಮಸ್ಯೆ ರಚಿಸಿ.

3. ಸತ್ಯ ಮತ್ತು ಕರುಣೆ ಎದುರುಬದುರಾದ ಒಂದು ಸಂದರ್ಭವನ್ನು ಗೆಳೆಯರೊಡನೆ ಚರ್ಚಿಸಿ.