ಕಿಟಕಿ ಎರಡು, ಲೆಕ್ಕ ಒಂದೇ!

ಭದ್ರಾವತಿ ಊರಿನ ನಡುವೆಯೇ ಭದ್ರಾ ನದಿ ಹರಿಯುತ್ತದೆ. ಊರಿಗಿಂತ ಮೇಲೆ, ಲಕ್ಕವಳ್ಳಿಯ ಬಳಿ ಇದಕ್ಕೆ ಅಣೆಕಟ್ಟೆ ಕಟ್ಟಿದ್ದಾರೆ. ಆ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ಹೆಚ್ಚು ನೀರು ಹೊರಬಿಟ್ಟಾಗ ನದಿ ದಡದ ತಗ್ಗು ಪ್ರದೇಶಗಳಿಗೆ ನೀರು ನುಗ್ಗುವುದುಂಟು. ಆದ್ದರಿಂದ ನೀರಿನ ಮಟ್ಟದ ಲೆಕ್ಕ ತಪ್ಪಬಾರದು, ಅಲ್ಲವೇ?

ಈ ಲೆಕ್ಕವನ್ನು ನೀವು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ಎರಡು ಚೌಕಗಳಿವೆ. ಇವಕ್ಕೆ ವಿಂಡೋ, ಅಂದರೆ ಕಿಟಕಿ ಎಂದು ಹೆಸರು. ಒಂದರಲ್ಲಿ ದಿನವಾರು ಪಟ್ಟಿ, ಇನ್ನೊಂದರಲ್ಲಿ ಸ್ತಂಭಾಲೇಖ. ಪಟ್ಟಿಯಲ್ಲಿ 180 ಅಡಿಯನ್ನು ಅಳಿಸಿ 182 ಎಂದು ತಿದ್ದುತ್ತೀರಿ. ಪ್ರತಿ ಕಿಟಕಿಯೂ ಲೆಕ್ಕದ ಬೇರೆ ಬೇರೆ ನಕಲನ್ನು ಇಟ್ಟುಕೊಂಡಿದ್ದರೆ ಏನಾಗುತ್ತದೆ? ಸ್ತಂಭ 180ರಲ್ಲೇ ನಿಂತಿರುತ್ತದೆ. ಆಗ ಯಾವುದನ್ನು ನಂಬುವುದು?

ಇದಕ್ಕೆ ಉಪಾಯ ಸರಳ. ಲೆಕ್ಕವನ್ನು ಕಂಪ್ಯೂಟರಿನ ಸ್ಮೃತಿಯಲ್ಲಿ ಒಂದೇ ಕಡೆ ಇಡುವುದು. ಕಿಟಕಿಗಳಿಗೆ ಲೆಕ್ಕದ ನಕಲು ಕೊಡದೆ, ಅದು ಇರುವ ಜಾಗದ ವಿಳಾಸವನ್ನು ಮಾತ್ರ ಕೊಡುವುದು. ನಿಮ್ಮ ತರಗತಿಯ ಕರಿಹಲಗೆಯನ್ನು ಇಬ್ಬರು ಎರಡು ಕಿಟಕಿಗಳಿಂದ ನೋಡಿದಂತೆ! ಕಿಟಕಿ ಎರಡಾದರೂ ಹಲಗೆ ಒಂದೇ.

ಆದರೆ ಒಂದು ವ್ಯತ್ಯಾಸವಿದೆ. ತರಗತಿಯ ಕಿಟಕಿಯಲ್ಲಿ ಬದಲಾವಣೆ ತಾನಾಗಿಯೇ ಕಾಣುತ್ತದೆ. ಪರದೆಯ ಕಿಟಕಿಯಲ್ಲಿರುವುದು ಬರಿಯ ಚಿತ್ರ. ಅದನ್ನು ಮತ್ತೆ ಬಿಡಿಸದಿದ್ದರೆ ಹಳೆಯದೇ ಉಳಿಯುತ್ತದೆ. ಅದಕ್ಕಾಗಿ ಲೆಕ್ಕದ ಬಳಿ, ತನ್ನನ್ನು ನೋಡುತ್ತಿರುವ ಕಿಟಕಿಗಳ ಪಟ್ಟಿ ಇರುತ್ತದೆ. ಅಂಕಿ ಬದಲಾದ ಕೂಡಲೇ ಎಲ್ಲ ಕಿಟಕಿಗಳಿಗೂ ಸೂಚನೆ ಹೋಗುತ್ತದೆ. ಅವು ಹೊಸ ಅಂಕಿಯನ್ನು ಓದಿಕೊಂಡು ತಮ್ಮ ಚಿತ್ರವನ್ನು ಮತ್ತೆ ಬಿಡಿಸುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ!

ಮಾಹಿತಿ ಬೇರೆ, ಅದನ್ನು ತೋರಿಸುವ ಕಿಟಕಿ ಬೇರೆ ಎಂಬ ಈ ಕ್ರಮವನ್ನು 1979ರಲ್ಲಿ ರೂಪಿಸಿದವರು ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕೌಗ್. ಆಗ ಅವರು ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದರು.

ನೆನಪಿಡಿ: ಎರಡು ಕಿಟಕಿಗಳಲ್ಲಿ ಒಂದನ್ನು ಮುಚ್ಚಿದರೆ ಲೆಕ್ಕ ಅಳಿಸಿಹೋಗದು. ಆದರೆ ಒಂದರಲ್ಲಿ ಅಂಕಿಯನ್ನು ಅಳಿಸಿದರೆ ಇನ್ನೊಂದರಲ್ಲೂ ಅದು ಇರುವುದಿಲ್ಲ.

ಮಾಡಿ ನೋಡಿ: ಶಾಲೆಯ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ ಇದ್ದರೆ ಒಂದು ಹಾಳೆ ತೆರೆಯಿರಿ. ‘ವಿಂಡೋ’ ಪಟ್ಟಿಯಲ್ಲಿ ‘ನ್ಯೂ ವಿಂಡೋ’ ಒತ್ತಿ. ಎರಡು ಕಿಟಕಿಗಳನ್ನೂ ಅಕ್ಕಪಕ್ಕ ಇಡಿ. ಒಂದರಲ್ಲಿ ನಿಮ್ಮ ತರಗತಿಯ ಇಂದಿನ ಹಾಜರಾತಿ ಬರೆದು ಎಂಟರ್ ಒತ್ತಿ. ಇನ್ನೊಂದರಲ್ಲಿ ಏನು ಕಂಡಿತು? ಗೆಳೆಯರಿಗೆ ಕಾರಣ ವಿವರಿಸಿ.