ಕಿಸು ಎಂಬ ಕೆಂಪು

ಮಳೆ ಬಿದ್ದ ಮರುದಿನ ಕುಷ್ಟಗಿ ಕಡೆಯ ಮಸಾರಿ ಹೊಲದಲ್ಲಿ ನಡೆದರೆ ಚಪ್ಪಲಿಗೆ ಮೆತ್ತುವ ಮಣ್ಣು ಇಟ್ಟಿಗೆ ಬಣ್ಣದ್ದು. ಅದಕ್ಕೆ ಆ ಬಣ್ಣ ಕೊಟ್ಟದ್ದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕು. ನಾವು ಅದನ್ನು ಕೆಂಪು ಅನ್ನುತ್ತೇವೆ. ಹಳಗನ್ನಡದವರ ಬಳಿ ಇನ್ನೊಂದು ಮಾತೂ ಇತ್ತು: ಕಿಸು.

ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ 9ನೇ ಶತಮಾನದ ‘ಕವಿರಾಜಮಾರ್ಗ’ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕೊಪಣ ನಮ್ಮ ಕೊಪ್ಪಳ. ಕಿಸುವೊಳಲು ಇಂದಿನ ಪಟ್ಟದಕಲ್ಲು. ಹೆಸರನ್ನು ಬಿಡಿಸಿದರೆ ಕಿಸು ಮತ್ತು ಪೊಳಲ್. ಪೊಳಲ್ ಎಂದರೆ ಪಟ್ಟಣ. ಸಮಾಸದಲ್ಲಿ ಪಕಾರ ವಕಾರವಾಗಿದೆ. ಒಟ್ಟಿನಲ್ಲಿ ಕೆಂಪೂರು. ಅಲ್ಲಿಯ ಗುಡಿಗಳ ಮರಳುಗಲ್ಲನ್ನು ಹತ್ತಿರದಿಂದ ನೋಡಿ: ಮರಳಿನ ಕಣಕಣಕ್ಕೂ ಅದೇ ತುಕ್ಕಿನ ಲೇಪ. ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತು!

12ನೇ ಶತಮಾನದಲ್ಲಿ ಎರಂಬರಗೆಯಿಂದ, ಅಂದರೆ ಈಗಿನ ಯಲಬುರ್ಗಾದಿಂದ, ಆಳಿದ ಸಿಂದರ ಕೈಯಲ್ಲಿದ್ದ ನಾಡುಗಳಲ್ಲೊಂದು ಕಿಸುಕಾಡು 70. ಅಲ್ಲೂ ಇದೇ ಪದ.

ಕಿಸು, ಕೆಂಪು ಎರಡೂ ಒಂದೇ ದ್ರಾವಿಡ ಬೇರಿನ ಕುಡಿಗಳು. ಇ, ಎ ಸ್ವರಗಳಿಗೆ ಮೊದಲು ಬರುವ ಕಕಾರ ತಮಿಳಿನಲ್ಲಿ ಚಕಾರದತ್ತ ಸರಿಯಿತು. ಕನ್ನಡ ಹಳೆಯ ಕಕಾರವನ್ನೇ ಹಿಡಿದುಕೊಂಡಿತು. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆಂ ಅವರಿಗೆ ಚೆಂ.

ಹಾಗಾದರೆ ಕಿಸು ಕೈತಪ್ಪಿದ್ದೇಕೆ? ಕಿಸುವಿನಂತೆ ಕಿರು, ನಿಡು, ಬಿಸು, ಹಸು ಇವೆಲ್ಲ ಇನ್ನೊಂದು ಪದಕ್ಕೆ ಅಂಟಿಕೊಂಡೇ ಬಾಳುವ ಗುಣವಾಚಕಗಳು. ಹಸುಗೂಸಿನ ಹಸುವಿಗೆ ಹಸುರು ಎಂಬ ಬಿಡಿ ರೂಪ ಸಿಕ್ಕಿತು, ಬಿಸುವಿಗೆ ಬಿಸಿ. ಬಣ್ಣದ ಹೆಸರಾಗಿ ಒಂಟಿಯಾಗಿ ನಿಲ್ಲುವ ಜಾಗವನ್ನು ಕೆಂಪು ಹಿಡಿಯಿತು, ಸಮಾಸದ ಜಾಗವನ್ನು ಕೆಂ. ಕಿಸುವಿನ ಸೋಲಿಗೆ ಇದೇ ಕಾರಣವೆಂದು ನನಗನಿಸುತ್ತದೆ. ಹಳೆಯ ಕಾವ್ಯದಲ್ಲಿ ಸಿಟ್ಟಿಗೆದ್ದವನದು ಕಿಸುಗಣ್, ನಮ್ಮದು ಕೆಂಗಣ್ಣು.

ಸತ್ತ ಪದಗಳು ಸಾಮಾನ್ಯವಾಗಿ ಊರ ಹೆಸರಿನಲ್ಲಾದರೂ ಉಳಿಯುತ್ತವೆ. ಆದರೆ ಕಿಸುವೊಳಲು ಪಟ್ಟದಕಲ್ಲಾಯಿತು. ಕಿಸುಕಾಡು ಎಂಬ ನಾಡು ಶಾಸನಗಳ ಪಾಲಾಯಿತು. ಮಣ್ಣು ಮಾತ್ರ ಇನ್ನೂ ಅದೇ ಬಣ್ಣದ್ದು.