ಶಾಲೆಗೆ ಬರುವ ಹಣ: ಸಮಪಾಲೋ, ನ್ಯಾಯದ ಪಾಲೋ?

ಸೊಲ್ಲಾಪುರ ಜಿಲ್ಲೆಯಲ್ಲಿ 11 ತಾಲೂಕುಗಳಿವೆ. 2011ರ ಜನಗಣತಿಯಲ್ಲೇ ಜನಸಂಖ್ಯೆ 43 ಲಕ್ಷ ದಾಟಿತ್ತು. ಒಂದು ತುದಿಗೆ ಕರಮಾಳಾ, ಇನ್ನೊಂದು ತುದಿಗೆ ಅಕ್ಕಲಕೋಟ. ಹಳ್ಳಿಗಳ ಪ್ರಾಥಮಿಕ ಶಾಲೆಗಳನ್ನು ಹೆಚ್ಚಾಗಿ ನಡೆಸುವುದು ಒಂದೇ ಜಿಲ್ಲಾ ಪರಿಷತ್. ಮರಾಠಿ, ಕನ್ನಡ, ಉರ್ದು ಮಾಧ್ಯಮದ ಶಾಲೆಗಳೆಲ್ಲ ಅದರ ಕೈಕೆಳಗೇ ಬರುತ್ತವೆ.

‘ನಮ್ಮ ಕನ್ನಡ ಶಾಲೆಗೆ ಹಣವೇ ಬರುವುದಿಲ್ಲ’ ಎಂಬ ಮಾತು ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆ ಮೇಲಿಂದ ಮೇಲೆ ಕೇಳಿಬರುತ್ತದೆ. ಈ ಮಾತು ಎಷ್ಟು ನಿಜ ಎಂದು ತಿಳಿಯಬೇಕಾದರೆ ಹಣ ಯಾವ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ ಎಂಬುದನ್ನು ಪಾಲಕರಾದ ನಾವು ಅರಿತುಕೊಳ್ಳಬೇಕು.

ವರ್ಷದ ಅನುದಾನದ ಲೆಕ್ಕ

ಸಮಗ್ರ ಶಿಕ್ಷಾ ಯೋಜನೆಯಡಿ ಪ್ರತಿ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ ‘ಸಂಯುಕ್ತ ಶಾಲಾ ಅನುದಾನ’ ಇರುತ್ತದೆ. ಸುಣ್ಣಬಣ್ಣ, ಸಣ್ಣ ದುರಸ್ತಿ, ವಿದ್ಯುತ್ ಬಿಲ್ಲು, ಕಲಿಕೆಯ ಸಾಮಗ್ರಿ ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು. ಇಲ್ಲಿ ಮಾಧ್ಯಮ ನೋಡುವುದಿಲ್ಲ, ಪಟಸಂಖ್ಯೆ ಮಾತ್ರ ನೋಡುತ್ತಾರೆ:

- 30 ಮಕ್ಕಳವರೆಗೆ: 10,000 ರೂ.
- 31ರಿಂದ 100: 25,000 ರೂ.
- 101ರಿಂದ 250: 50,000 ರೂ.
- 251ರಿಂದ 1000: 75,000 ರೂ.
- 1000ಕ್ಕಿಂತ ಹೆಚ್ಚು: 1 ಲಕ್ಷ ರೂ.

28 ಮಕ್ಕಳ ಶಾಲೆ ಒಂದು, 240 ಮಕ್ಕಳ ಶಾಲೆ ಇನ್ನೊಂದು ಎಂದುಕೊಳ್ಳೋಣ. ಮೊದಲನೆಯದಕ್ಕೆ ಮಗುವಿಗೆ ಸುಮಾರು 357 ರೂ., ಎರಡನೆಯದಕ್ಕೆ ಸುಮಾರು 208 ರೂ. ಬೀಳುತ್ತದೆ. ಮೇಲ್ನೋಟಕ್ಕೆ ಸಣ್ಣ ಶಾಲೆಗೇ ಲಾಭ. ಆದರೆ ಸೋರುವ ಮಾಳಿಗೆ ಮಕ್ಕಳ ಸಂಖ್ಯೆ ನೋಡಿ ಸೋರುವುದಿಲ್ಲ. ಮಕ್ಕಳು 28 ಇದ್ದರೂ ಎರಡು ಕೋಣೆ, ಒಂದು ಶೌಚಾಲಯ, ಒಂದು ನೀರಿನ ಟಾಕಿ ಬೇಕೇ ಬೇಕು. ಕೋಣೆಯ ಲೆಕ್ಕದಲ್ಲಿ ನೋಡಿದರೆ ಸಣ್ಣ ಶಾಲೆಗೆ ಕೋಣೆಗೆ 5,000 ರೂ.; ದೊಡ್ಡ ಶಾಲೆಯಲ್ಲಿ 8 ಕೋಣೆ ಇದ್ದರೆ ಕೋಣೆಗೆ 6,250 ರೂ. ಅಂದರೆ ಎಣಿಸುವ ಅಳತೆ ಬದಲಾದರೆ ‘ಯಾರಿಗೆ ಹೆಚ್ಚು’ ಎಂಬ ಉತ್ತರವೂ ಬದಲಾಗುತ್ತದೆ.

ಗಡಿ ದಾಟುವ ಒಂದು ಮಗುವಿನ ಬೆಲೆಯನ್ನೂ ಗಮನಿಸಿ. 30ನೆಯ ಮಗುವಿನವರೆಗೆ 10,000. 31ನೆಯ ಮಗು ಸೇರಿದರೆ 25,000.

ದೊಡ್ಡ ಹಣ ಇರುವುದು ಹುದ್ದೆಯಲ್ಲಿ

ನಾವು ಜಗಳವಾಡುವುದು ಈ ಅನುದಾನಕ್ಕಾಗಿ. ನಿಜವಾದ ದೊಡ್ಡ ಹಣ ಹೋಗುವುದು ಶಿಕ್ಷಕರ ಪಗಾರಕ್ಕೆ. ಕಾಯಂ ಶಿಕ್ಷಕರೊಬ್ಬರ ಒಂದು ವರ್ಷದ ಪಗಾರ ಸಣ್ಣ ಶಾಲೆಯ ಎಷ್ಟೋ ವರ್ಷಗಳ ಅನುದಾನಕ್ಕೆ ಸಮ. ಆದ್ದರಿಂದ ಒಂದು ಹುದ್ದೆ ಎಲ್ಲಿಗೆ ಹೋಯಿತು ಎಂಬುದೇ ಸರಕಾರದ ಹಣ ಎಲ್ಲಿಗೆ ಹೋಯಿತು ಎಂಬುದರ ಲೆಕ್ಕ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಂತೆ 1ರಿಂದ 5ನೆಯ ಇಯತ್ತೆಯವರೆಗೆ 60 ಮಕ್ಕಳಿಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಹಾರಾಷ್ಟ್ರದಲ್ಲಿ ಇದನ್ನು ಪ್ರತಿ ಶಾಲೆಗೆ ನಿಗದಿ ಮಾಡುವ ಪ್ರಕ್ರಿಯೆಗೆ ‘ಸಂಚ ಮಾನ್ಯತೆ’ ಎನ್ನುತ್ತಾರೆ. ಅದರ ನಿಯಮಗಳನ್ನು 2024ರ ಮಾರ್ಚ್ 15ರ ಆದೇಶ ಬದಲಿಸಿದೆ. ಕಡಿಮೆ ಮಕ್ಕಳಿರುವ ಶಾಲೆಯವರು ಆ ಆದೇಶವನ್ನು ಕೈಯಲ್ಲಿ ಹಿಡಿದೇ ಮಾತನಾಡುವುದು ಒಳ್ಳೆಯದು.

ಒಂದೇ ಅಂಗಳದಲ್ಲಿ ಎರಡು ಶಾಲೆ ಇರುವ ಒಂದು ಊರನ್ನು ಊಹಿಸಿಕೊಳ್ಳಿ. ಕನ್ನಡ ಶಾಲೆಯಲ್ಲಿ 28, ಮರಾಠಿ ಶಾಲೆಯಲ್ಲಿ 75 ಮಕ್ಕಳು. ಬೇರೆ ಬೇರೆಯಾಗಿದ್ದರೆ ಅನುದಾನ 10,000 ಮತ್ತು 25,000, ಒಟ್ಟು 35,000 ರೂ. ‘ಎರಡನ್ನೂ ಕೂಡಿಸಿದರೆ 103 ಮಕ್ಕಳಾಗುತ್ತಾರೆ, 50,000 ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಲೆಕ್ಕ ಸರಿಯೇ. ಆದರೆ ಕಾಯ್ದೆಯ ಪಟ್ಟಿಯಂತೆ ಬೇರೆಯಾಗಿದ್ದಾಗ 2 ಮತ್ತು 3, ಒಟ್ಟು 5 ಶಿಕ್ಷಕರು, ಕೂಡಿದಾಗ 4. ಅಂದರೆ 15,000 ರೂಪಾಯಿ ಬಂತು, ಒಂದು ಹುದ್ದೆ ಹೋಯಿತು. ಉಳಿದ ನಾಲ್ವರಲ್ಲಿ ಕನ್ನಡ ಬಲ್ಲವರು ಎಷ್ಟು ಜನ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಎಣಿಕೆಗೆ ಸಿಗದ ವೆಚ್ಚ

ಮಕ್ಕಳ ಸಂಖ್ಯೆಯೊಂದನ್ನೇ ನೋಡುವ ಲೆಕ್ಕದಲ್ಲಿ ಭಾಷೆಯ ವೆಚ್ಚ ಕಾಣುವುದಿಲ್ಲ. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಆದರೆ ಪುಸ್ತಕದ ಜೊತೆಗೆ ಕನ್ನಡದಲ್ಲಿ ಶಿಕ್ಷಕರ ತರಬೇತಿ, ಗ್ರಂಥಾಲಯಕ್ಕೆ ಕನ್ನಡ ಪುಸ್ತಕ, ಪಾಠ ಕೇಳಿ ತಿದ್ದಬಲ್ಲ ಕನ್ನಡ ಬಲ್ಲ ಕೇಂದ್ರ ಪ್ರಮುಖರು ಬೇಕು. ಕನ್ನಡ ಶಾಲೆಯ ಹುದ್ದೆಗೆ ಕನ್ನಡ ಬಾರದವರನ್ನು ಕಳಿಸಿದರೆ ಕಾಗದದ ಮೇಲೆ ಹುದ್ದೆ ತುಂಬಿತು, ತರಗತಿಯಲ್ಲಿ ಖಾಲಿಯೇ ಉಳಿಯಿತು.

ಇದು ಕನ್ನಡ–ಮರಾಠಿ ಜಗಳವಲ್ಲ. ವಸ್ತಿಯ ಮೇಲಿನ ಸಣ್ಣ ಮರಾಠಿ ಶಾಲೆಯ ಪಾಡೂ ಇದೇ. ದೊಡ್ಡ ಜಿಲ್ಲೆಯಲ್ಲಿ ನ್ಯಾಯದ ಹಂಚಿಕೆಗೆ ಮೂರು ಅಂಶ ಬೇಕು: ಶಾಲೆ ಎಂಬ ಕಾರಣಕ್ಕೆ ಒಂದು ಮೂಲ ಮೊತ್ತ, ಮಕ್ಕಳ ಸಂಖ್ಯೆಗೆ ತಕ್ಕ ಮೊತ್ತ, ದೂರ, ಭಾಷೆ, ಹಳೆಯ ಕಟ್ಟಡದಂಥ ಅಡಚಣೆಗೆ ಹೆಚ್ಚುವರಿ ಮೊತ್ತ. ಈಗಿನ ಅನುದಾನದಲ್ಲಿ ಮೊದಲೆರಡು ಅಷ್ಟಿಷ್ಟು ಇವೆ, ಮೂರನೆಯದು ಇಲ್ಲ. ಅದನ್ನು ತುಂಬಲು ಅವಕಾಶ ಇರುವುದು ಜಿಲ್ಲಾ ಪರಿಷತ್ತಿನ ಸ್ವಂತ ನಿಧಿಯಲ್ಲಿ ಮತ್ತು ಜಿಲ್ಲಾ ನಿಯೋಜನ ಸಮಿತಿಯ ಹಣದಲ್ಲಿ. ಅಲ್ಲಿ ಕೇಳಿದವರಿಗೆ ಸಿಗುತ್ತದೆ.

ಕೇಳಲು ಆಧಾರ

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಕಲಿಸಬೇಕೆನ್ನುತ್ತದೆ. ಸಂಸ್ಥೆಗಳು ನಡೆಸುವ ಶಾಲೆಗಳಿಗೆ 30(2)ನೆಯ ವಿಧಿಯ ಬೆಂಬಲವಿದೆ: ಭಾಷಾ ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ನೆರವು ನೀಡುವಲ್ಲಿ ಸರಕಾರ ಭೇದ ಮಾಡುವಂತಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಅದೇ ಕಾಯ್ದೆಯ 22ನೆಯ ಕಲಮು. ಶಾಲಾ ವ್ಯವಸ್ಥಾಪನ ಸಮಿತಿ ತಯಾರಿಸುವ ಶಾಲಾ ವಿಕಾಸ ಯೋಜನೆಯೇ ಸರಕಾರದ ಯೋಜನೆಗೂ ಅನುದಾನಕ್ಕೂ ಆಧಾರವಾಗಬೇಕು ಎಂದು ಅದು ಹೇಳುತ್ತದೆ. ಸಮಿತಿಯ ಮುಕ್ಕಾಲು ಭಾಗ ಪಾಲಕರೇ ಇರಬೇಕು.

ನಾವು ಮಾಡಬಹುದಾದದ್ದು

ಒಂದು, ಸೆಪ್ಟೆಂಬರ್ 30ರ ಮುನ್ನ ಶಾಲೆಗೆ ಹೋಗಿ ಪಟಸಂಖ್ಯೆ ನೋಡಿ. ಯುಡೈಸ್ ಮಾಹಿತಿಗೆ ಅದೇ ದಿನಾಂಕ ಆಧಾರ. ಆಧಾರ್‌ನಲ್ಲಿ ಮಗುವಿನ ಹೆಸರು ಒಂದು ರೀತಿ, ಶಾಲೆಯಲ್ಲಿ ಇನ್ನೊಂದು ರೀತಿ ಇದ್ದರೆ ತಕ್ಷಣ ತಿದ್ದಿಸಿ. ಬೆಂಚಿನ ಮೇಲೆ ಕುಳಿತ ಮಗು ಎಣಿಕೆಯಲ್ಲಿ ಬಿಟ್ಟುಹೋಗಬಾರದು.

ಎರಡು, ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ವಿಕಾಸ ಯೋಜನೆ ಬರೆಯಿಸಿ ಠರಾವು ಮಾಡಿ. ‘ಕನ್ನಡ ಬಲ್ಲ ಶಿಕ್ಷಕರು ಇಷ್ಟು ಬೇಕು’ ಎಂಬುದನ್ನು ಅದರಲ್ಲೇ ನಮೂದಿಸಿ, ಗಟ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಪೋಚ್ ಪಡೆಯಿರಿ.

ಮೂರು, ಶಾಲೆಗಳನ್ನು ಕೂಡಿಸುವ ಮಾತು ಬಂದರೆ ಅನುದಾನದ ಅಂಕಿಗೆ ಮರುಳಾಗಬೇಡಿ. ಮೊದಲು ಹುದ್ದೆಯ ಅಂಕಿ ಕೇಳಿ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರಿಗೂ ಇದೇ ಲೆಕ್ಕ. ಕಾಸರಗೋಡು, ತಾಳವಾಡಿ, ಹೊಸೂರು, ಆದವಾನಿ ಕಡೆಯವರಿಗೆ ಸಮಗ್ರ ಶಿಕ್ಷಾ ಮತ್ತು ಶಿಕ್ಷಣ ಹಕ್ಕು ಕಾಯ್ದೆಯ ಅಂಕಿಗಳು ಇವೇ. ರಾಜ್ಯ ಸರಕಾರದ ಆದೇಶಗಳು ಮಾತ್ರ ಬೇರೆ. ತಮ್ಮ ಊರಿನ ಶಾಲೆಯ ಈ ವರ್ಷದ ಪಟಸಂಖ್ಯೆ, ಬಂದ ಅನುದಾನ, ಮಂಜೂರಾದ ಹುದ್ದೆ, ಅದರಲ್ಲಿ ಕನ್ನಡ ಬಲ್ಲ ಶಿಕ್ಷಕರು – ಈ ನಾಲ್ಕು ಅಂಕಿಗಳನ್ನು ಪ್ರತಿಯೊಬ್ಬ ಪಾಲಕರೂ ಬರೆದಿಟ್ಟುಕೊಳ್ಳಬೇಕಾಗಿ ವಿನಂತಿ. ಅಂಕಿ ಕೈಯಲ್ಲಿದ್ದರೆ ಕಚೇರಿಯಲ್ಲಿ ನಮ್ಮ ಮಾತಿಗೆ ತೂಕ ಬರುತ್ತದೆ.